ಮರದ ಬ್ಲಾಕಾ, ಕಚ್ಚಿಕೊಳ್ಳುವ ಬ್ಲಾಕಾ?

ಮಗುವಿಗೆ ಮರದ ಬ್ಲಾಕ್, ಲೆಗೋದಂಥ ಒಂದಕ್ಕೊಂದು ಕಚ್ಚಿಕೊಳ್ಳುವ ಬ್ಲಾಕ್ ಎರಡನ್ನೂ ಕೊಳ್ಳುವಷ್ಟು ದುಡ್ಡು, ಜಾಗ ಇದ್ದರೆ ಈ ಪ್ರಶ್ನೆಯೇ ಇಲ್ಲ. ಒಂದೇ ಅಂದರೆ, ಮೊದಲು ವಯಸ್ಸು ನೋಡಿ. 3 ವರ್ಷದೊಳಗಿನ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಲೆಗೋದ ಸಣ್ಣ ತುಂಡು ಬೇಡವೇ ಬೇಡ. ದಪ್ಪ ಮರದ ಬ್ಲಾಕ್ ಕೊಡಿ, ಇಲ್ಲವೇ ಲೆಗೋ ಕಂಪನಿಯದೇ ದಪ್ಪ ಬ್ಲಾಕ್ ಡುಪ್ಲೋ. ಅದು ಉದ್ದ, ಅಗಲ, ಎತ್ತರ ಮೂರರಲ್ಲೂ ಲೆಗೋದ ಎರಡರಷ್ಟಿರುತ್ತದೆ.

ನನ್ನ ಒಲವು ಮರದ ಕಡೆಗೇ. ಅದರಲ್ಲಿ ಕಚ್ಚಿ ಹಿಡಿಯಲು ಏನೂ ಇಲ್ಲ, ಬೀಳದಂತೆ ಮಗುವೇ ನಿಲ್ಲಿಸಬೇಕು. ಐದನೇ ಬ್ಲಾಕ್ ಇಡುವಾಗ ಉಸಿರು ಬಿಗಿಹಿಡಿದು, ನಾಲಿಗೆ ತುದಿ ಹೊರಗೆ ಹಾಕಿ, ಕೂದಲೆಳೆಯಷ್ಟು ಆಚೆ ಸರಿಸಿ ನೋಡುತ್ತದಲ್ಲ, ಆಗ ಅದು ಕಲಿಯುತ್ತಿರುವುದು ಭೌತಶಾಸ್ತ್ರವನ್ನೇ. ಧಡಾರ್ ಅಂತ ಬಿದ್ದರೆ ಇನ್ನೂ ಒಳ್ಳೆಯದು (ಕೆಳಗಿನ ಮನೆಯವರಿಗಲ್ಲ). ಎರಡು ಚಿಕ್ಕವು ಸೇರಿದರೆ ಸರಿಯಾಗಿ ಒಂದು ದೊಡ್ಡದರ ಉದ್ದ ಬರುವ ಸೆಟ್ ಆರಿಸಿ. ಅರ್ಧ, ಕಾಲು ಅನ್ನೋದು ಬಾಯಿಪಾಠವಿಲ್ಲದೆ ಕೈಗೇ ಗೊತ್ತಾಗುತ್ತದೆ. ಕಿಂಡರ್‌ಗಾರ್ಟನ್ ಶುರುಮಾಡಿದ ಫ್ರೋಬೆಲ್ 1830ರ ದಶಕದಲ್ಲೇ ಮಕ್ಕಳ ಕೈಗೆ ಕೊಟ್ಟಿದ್ದು ಇಂಥ ಮರದ ತುಂಡುಗಳನ್ನೇ.

ಕಚ್ಚಿಕೊಳ್ಳುವ ಬ್ಲಾಕಿನ ಪಾಠ ಬೇರೆ. ಬೆರಳಿಗೆ ಬಲ, ಚಿತ್ರ ನೋಡಿ ಹಂತ ಹಂತವಾಗಿ ಕಟ್ಟುವ ತಾಳ್ಮೆ. ಎಂಟು ಗುಬುಟಿನ, ಒಂದೇ ಬಣ್ಣದ ಆರೇ ಆರು ಲೆಗೋ ತುಂಡುಗಳನ್ನು 91 ಕೋಟಿಗೂ ಜಾಸ್ತಿ ರೀತಿಯಲ್ಲಿ ಜೋಡಿಸಬಹುದು! ಆದರೆ ಪೆಟ್ಟಿಗೆ ಮೇಲಿನ ಕಾರನ್ನು ಒಮ್ಮೆ ಕಟ್ಟಿ ಶೋಕೇಸಿಗೆ ಏರಿಸಿದರೆ ಸುಮ್ನೆ ದಂಡ, ಅಲ್ವಾ? ಮಗು ಐದಾರು ವರ್ಷ ದಾಟಿದ್ದರೆ ಇದನ್ನೇ ಕೊಳ್ಳಿ, ಆದರೆ ಒಂದೇ ಮಾದರಿಯ ಸೆಟ್ ಬಿಟ್ಟು, ಬಿಡಿಬಿಡಿ ತುಂಡುಗಳ ಡಬ್ಬ ತನ್ನಿ.