ಪಿಟೆನ್ ತಗೊಳ್ಳುವುದೋ, ಶಿಪ್-1 ತಗೊಳ್ಳುವುದೋ?

ಕಾಸರಗೋಡಿನಲ್ಲಿ ಎಂಎಸ್ಸಿ ಪ್ರಾಜೆಕ್ಟಿಗೆ ಲಿಪಿಡ್ ಫಾಸ್ಫಟೇಸ್ (ಲಿಪಿಡ್ ಅಣುವಿನಿಂದ ಫಾಸ್ಫೇಟ್ ಕೀಳುವ ಕಿಣ್ವ) ಹುಡುಕುತ್ತಿರುವವರು ಮೊದಲು ಇದನ್ನು ಗಮನಿಸಿ: ಪಿಟೆನ್, ಶಿಪ್-1 ಎರಡೂ ಕಿಣ್ವಗಳಿಗೆ ಬೇಕಾದದ್ದು ಅದೇ ಪಿಐಪಿ3, ಅಂದರೆ ಉಂಗುರದ 3, 4, 5ನೇ ಸ್ಥಾನಗಳಲ್ಲಿ ಫಾಸ್ಫೇಟ್ ಇರುವ ಕೋಶಪೊರೆಯ ಲಿಪಿಡ್. ಪಿಟೆನ್ 3ನೇ ಸ್ಥಾನದ ಫಾಸ್ಫೇಟ್ ಕಿತ್ತು ಪಿಐ(4,5)ಪಿ2 ಉಳಿಸುತ್ತದೆ, ಶಿಪ್-1 5ನೆಯದನ್ನು ಕಿತ್ತು ಪಿಐ(3,4)ಪಿ2 ಕೊಡುತ್ತದೆ. ಈ ಪಿಐ(3,4)ಪಿ2 ಕೂಡ ಕೋಶದ ಬೆಳವಣಿಗೆಗೆ ಕುಮ್ಮಕ್ಕು ಕೊಡುವ ಎಕೆಟಿ ಪ್ರೋಟೀನನ್ನು ಹಿಡಿಯಬಲ್ಲದು, ಹಾಗಾಗಿ ಶಿಪ್ ಆ ಬೆಳವಣಿಗೆಗೆ ಬರೀ ಬ್ರೇಕ್ ಅಲ್ಲ.

ಖರ್ಚಿನ ದೊಡ್ಡ ಪಾಲು ಪಿಐಪಿ3ಗೇ ಹೋಗುತ್ತದೆ, ಅದರಲ್ಲಿ ವ್ಯತ್ಯಾಸವಿಲ್ಲ. ನಮ್ಮ ಮಳೆಗಾಲದಲ್ಲಿ ಫ್ರೀಜರಿನಿಂದ ತೆಗೆದ ಶೀಶೆಯನ್ನು ಕೋಣೆಯ ಬಿಸಿಗೆ ಬರುವ ಮೊದಲು ತೆರೆಯಬೇಡಿ, ಪುಡಿ ತೇವ ಎಳೆದುಕೊಳ್ಳುತ್ತದೆ.

ನಾಜೂಕಿನ ಮಾತಿಗೆ ಬಂದರೆ ಪಿಟೆನ್‌ನ 124ನೇ ಸ್ಥಾನದ ಸಿಸ್ಟೀನ್ (ಗಂಧಕವಿರುವ ಅಮೈನೋ ಆಮ್ಲ) ಆಕ್ಸಿಡೀಕರಣಗೊಂಡು 71ನೆಯದರ ಜೊತೆ ಡೈಸಲ್ಫೈಡ್ ಬಂಧ ಕಟ್ಟಿಕೊಳ್ಳುತ್ತದೆ, ಕೆಲಸ ನಿಲ್ಲುತ್ತದೆ. ಬಫರಿಗೆ ಹೊಸದಾಗಿ ಈ ಬಂಧ ಬಿಡಿಸುವ ಡಿಟಿಟಿ ಹಾಕಲೇಬೇಕು. ಶಿಪ್‌ಗೆ ಬೇಕಾದದ್ದು ಮೆಗ್ನೀಸಿಯಂ. ಮೆಗ್ನೀಸಿಯಂ ಹಿಡಿದುಕೊಳ್ಳುವ ಇಡಿಟಿಎ ಬಫರಿನಲ್ಲಿ ಉಳಿದಿದ್ದರೆ ಶಿಪ್ ಸುಮ್ಮನೆ ಕೂರುತ್ತದೆ.

ಅಳೆಯಲು ಬಳಸುವ ಮಲಕೈಟ್ ಗ್ರೀನ್ ಬಣ್ಣದ ಪರೀಕ್ಷೆ ಬಿಡುಗಡೆಯಾದ ಫಾಸ್ಫೇಟನ್ನು ಮಾತ್ರ ಎಣಿಸುತ್ತದೆ, ಅದು ಯಾವ ಸ್ಥಾನದ್ದೆಂದು ಹೇಳದು. ಪಿಬಿಎಸ್ (ಫಾಸ್ಫೇಟ್ ಇರುವ ಬಫರ್) ಬಳಸಿದರೆ ಕಿಣ್ವವಿಲ್ಲದ ಟ್ಯೂಬೂ ಕಡುಹಸಿರಾಗುತ್ತದೆ, ಟ್ರಿಸ್ ಬಫರ್ ಸಾಕು.

ಗೆಡ್ಡೆಯ ಕೋಶಗಳಾದರೆ ಪಿಟೆನ್ ಹಿಡಿಯಿರಿ, ಪಿಟೆನ್ ಇಲ್ಲದ ಯು87 ಎಂಬ ಮಿದುಳುಗೆಡ್ಡೆಯ ಕೋಶಗಳಿಗೆ ಅದನ್ನು ಮರಳಿ ಸೇರಿಸಿ ನೋಡಬಹುದು. ರಕ್ತಕೋಶಗಳಾದರೆ ಶಿಪ್-1. ಜುರ್ಕಾಟ್‌ ಎಂಬ ರಕ್ತಕ್ಯಾನ್ಸರಿನ ಟಿ-ಕೋಶಗಳಲ್ಲಿ ಎರಡೂ ಇಲ್ಲ, ಒಂದೊಂದನ್ನೇ ಸೇರಿಸಿ ಹೋಲಿಸುವವರಿಗೆ ಅದೇ ಒಳ್ಳೆಯದು.