ಕಾಪರ್-ಟಿ ಬಿಟ್ಟಿ, ಪ್ಯಾಡಿನ ಖರ್ಚು ನಮ್ಮದು: ನಾಲ್ಕು ವರ್ಷದ ಅನುಭವ

ಗರ್ಭಕೋಶದೊಳಗೆ ಹಾಕುವ ಈ ಕಾಪರ್-ಟಿ ಬಸಿರು ತಡೆಯುತ್ತದಾ ಅಂತ ಕೇಳಿದರೆ ನನ್ನ ಉತ್ತರ ಒಂದೇ ಮಾತು: ತಡೆಯುತ್ತದೆ. ಹಾಕಿಸಿಕೊಂಡ ನೂರು ಹೆಂಗಸರಲ್ಲಿ ಮೊದಲ ವರ್ಷ ಬಸಿರಾಗುವವರು ಒಬ್ಬರಿಗಿಂತ ಕಡಿಮೆ. ನಾನು ಹಾಕಿಸಿಕೊಂಡು ನಾಲ್ಕು ವರ್ಷ ದಾಟಿತು, ಆ ವಿಷಯಕ್ಕೆ ಒಂದು ರಾತ್ರಿಯೂ ನಿದ್ದೆ ಕೆಟ್ಟಿಲ್ಲ. ಹಾಗಾಗಿ ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನಾನು ಬರೆಯಲು ಕೂತಿದ್ದು ಮುಟ್ಟಿನ ಬಗ್ಗೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೂ "ಸ್ವಲ್ಪ ಜಾಸ್ತಿ ಹೋಗಬಹುದಮ್ಮ" ಅಂದು ಮುಂದಿನವರನ್ನು ಕರೆದುಬಿಡುತ್ತಾರೆ.

ಆ "ಸ್ವಲ್ಪ" ಎಷ್ಟು ಅಂತ ಕೇಳಿ. ಮೊದಲು ನನಗೆ ಮುಟ್ಟು ನಾಲ್ಕು ದಿನ, ಅದರಲ್ಲಿ ಜೋರು ಒಂದೇ ದಿನ. ಕಾಪರ್-ಟಿ ಆದ ಮೇಲೆ ಏಳು ದಿನ, ಅದರಲ್ಲಿ ಮೂರು ದಿನ ಜೋರು. ನಾನು ಒಂದು ಸಹಕಾರ ಸಂಘದಲ್ಲಿ ಕ್ಯಾಶಿಯರ್. ಕೌಂಟರ್ ಬಿಟ್ಟು ಏಳಬೇಕೆಂದರೆ ನೋಟು ಒಳಗಿಟ್ಟು, ಡ್ರಾಯರ್‌ಗೆ ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಎದುರಿಗೆ ನಿಂತವರಿಗೆ "ಬಂದೆ, ಎರಡೇ ನಿಮಿಷ" ಅನ್ನಬೇಕು. ಹಾಲಿನ ದುಡ್ಡು ಬಟವಾಡೆ ಆಗುವ ದಿನ ಸಾಲು ಬಾಗಿಲಿನ ಹೊರಗಿರುತ್ತದೆ. ಆ ದಿನ ಗಂಟೆಗೊಂದು ಸಲ ಎದ್ದರೆ ಜನ ಏನಂತಾರೆ? ನನ್ನ ಕುರ್ಚಿಗೆ ಕಪ್ಪು ಬಟ್ಟೆಯ ಕವರ್ ಬಂದಿದ್ದು ಆಗಲೇ. ಮೇಜಿನ ಕೆಳಗೆ ಒಂದು ಲಂಗ, ಎರಡು ಪ್ಯಾಡು, ಹಳೇ ಪೇಪರು ಇಟ್ಟ ಚೀಲ ಕಾಯಂ ಆಯಿತು. ತಿಳಿ ಬಣ್ಣದ ಸೀರೆಗಳು ಬೀರುವಿನ ಹಿಂದಿನ ಸಾಲಿಗೆ ಹೋದವು.

ಖರ್ಚು ನೋಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದನ್ನು ಹಾಕಲು ಒಂದು ಪೈಸೆ ಇಲ್ಲ. ಆದರೆ ಒಂದು ಪ್ಯಾಕೆಟ್ ಪ್ಯಾಡಿನಲ್ಲಿ ತಿಂಗಳು ಮುಗಿಸುತ್ತಿದ್ದವಳು ಮೂರು ಪ್ಯಾಕೆಟ್‌ಗೆ ಬಂದೆ. ಅದೂ ರಾತ್ರಿಗೆ ದೊಡ್ಡ ಸೈಜಿಂದೇ ಬೇಕು. ಇಬ್ಬರು ಮಕ್ಕಳ ಸ್ಕೂಲ್ ಫೀಸು, ವ್ಯಾನಿನ ಬಾಡಿಗೆ ಕಟ್ಟುವ ಮನೆಯಲ್ಲಿ ಇದು ಸಣ್ಣ ಲೆಕ್ಕ ಅಲ್ಲ.

ಯಾಕೆ ಹೀಗಾಗುತ್ತದೆ ಅಂತ ಆಮೇಲೆ ಬೇರೊಬ್ಬ ಡಾಕ್ಟರು ಬಿಡಿಸಿ ಹೇಳಿದರು. ಇದರಲ್ಲಿ ಹಾರ್ಮೋನು ಇಲ್ಲ. ಟಿ ಆಕಾರದ ಪ್ಲಾಸ್ಟಿಕ್ಕಿಗೆ ಸುತ್ತಿದ ತಾಮ್ರ ಗರ್ಭಕೋಶದೊಳಗೆ ಸಣ್ಣಗೆ ಕರಗುತ್ತಾ ಇರುತ್ತದೆ. ಆ ತಾಮ್ರಕ್ಕೆ ವೀರ್ಯಾಣು ಸೊರಗಿಹೋಗುತ್ತದೆ, ಅಂಡದವರೆಗೆ ಮುಟ್ಟುವುದೇ ಇಲ್ಲ. ಅದೇ ತಾಮ್ರದಿಂದ ಗರ್ಭಕೋಶದ ಒಳಪದರಕ್ಕೂ ಸ್ವಲ್ಪ ಉರಿ. ಅದಕ್ಕೇ ಸ್ರಾವ ಜಾಸ್ತಿ, ಹೊಟ್ಟೆನೋವು ಜಾಸ್ತಿ. ಬಹಳಷ್ಟು ಜನಕ್ಕೆ ಮೂರರಿಂದ ಆರು ತಿಂಗಳಲ್ಲಿ ಇಳಿಯುತ್ತದಂತೆ. ಈ ಮಾತು ಹಾಕುವ ದಿನವೇ ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ನನಗೆ ಹಾಕಿದ್ದು ನಮ್ಮ ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ, ಎರಡನೇ ಮಗು ಹುಟ್ಟಿ ಎರಡು ತಿಂಗಳಿಗೆ. ಹೆರಿಗೆಯಾದ 48 ಗಂಟೆಯೊಳಗೂ ಹಾಕುತ್ತಾರೆ, ಅದು ತಪ್ಪಿದರೆ ಆರು ವಾರದ ನಂತರ. ನಮ್ಮತ್ತೆಗೆ ಆಪರೇಷನ್ನೇ ಮಾಡಿಸಲಿ ಅಂತ ಆಸೆ. ಈ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಾಡಿಸಿಕೊಳ್ಳುವುದು ಅದನ್ನೇ. ನನಗೆ ಇನ್ನೂ ಮೂವತ್ತು ದಾಟಿರಲಿಲ್ಲ, ಬಾಗಿಲು ಪೂರ್ತಿ ಮುಚ್ಚಲು ಮನಸ್ಸಿರಲಿಲ್ಲ. ಗಂಡಸರ ಆಪರೇಷನ್ ಇನ್ನೂ ಸುಲಭ, ಹೊಲಿಗೆಯೂ ಇಲ್ಲ ಅಂತ ಆಶಾ ಕಾರ್ಯಕರ್ತೆ ನಮ್ಮ ಜಗಲಿ ಮೇಲೆ ಕೂತು ಹೇಳಿದರು. ನಮ್ಮನೆಯವರು ದನಕ್ಕೆ ನೀರು ತೋರಿಸಬೇಕು ಅಂತ ಎದ್ದು ಹೋದರು. ನೀರು ಆಗಲೇ ತೋರಿಸಿ ಆಗಿತ್ತು.

ಹಾಕುವಾಗ ನೋವಾಗುತ್ತದಾ? ಆಗುತ್ತದೆ. ಸುಳ್ಳು ಹೇಳಲ್ಲ. ಮಲಗಿಸಿ, ಒಳಗೆ ತಣ್ಣನೆ ಸ್ಟೀಲಿನದು ಇಟ್ಟು ಅಗಲ ಮಾಡುತ್ತಾರೆ. ಗರ್ಭಕೋಶದ ಬಾಯಿಯನ್ನು ಒಂದು ಇಕ್ಕಳದಲ್ಲಿ ಹಿಡಿದಾಗ ಚುರುಕ್ ಅನ್ನುತ್ತದೆ. ಆಮೇಲೆ ಕಡ್ಡಿಯಂಥದ್ದು ಹಾಕಿ ಆಳ ಅಳೆಯುತ್ತಾರೆ, ಆಗ ಹೊಟ್ಟೆ ಒಳಗಿಂದ ಹಿಂಡಿದ ಹಾಗೆ. ಟಿ-ಯ ಎರಡೂ ಕೈ ಮಡಚಿ ಸಣ್ಣ ಕೊಳವೆಯಲ್ಲಿ ಕೂತಿರುತ್ತದೆ. ಒಳಗೆ ಹೋದ ಮೇಲೆ ಕೊಳವೆ ಹಿಂದೆ ಸರಿಸಿದರೆ ಕೈ ಬಿಚ್ಚಿಕೊಳ್ಳುತ್ತದೆ. ಕೊನೆಗೆ ದಾರ ಕತ್ತರಿಸುವ ಸದ್ದು. ಹೆಚ್ಚೆಂದರೆ ಹತ್ತು ನಿಮಿಷ. ನಾನು ಅರ್ಧ ಗಂಟೆ ಮಲಗಿದ್ದು, ಆಟೋದಲ್ಲಿ ಮನೆಗೆ ಬಂದು, ಬಿಸಿನೀರಿನ ಬಾಟಲ್ ಹೊಟ್ಟೆ ಮೇಲಿಟ್ಟುಕೊಂಡೆ. ಮಾರನೇ ದಿನ ಅಡುಗೆ ನಾನೇ ಮಾಡಿದೆ.

ಅವತ್ತು ಒಂದು ಕಾರ್ಡು ಕೊಟ್ಟರು. ಅದರಲ್ಲಿ ಯಾವ ಕಾಪರ್-ಟಿ, ಹಾಕಿದ ದಿನ ಯಾವುದು, ಯಾವಾಗ ತೆಗೆಸಬೇಕು ಅಂತ ಇರುತ್ತದೆ. ಸರ್ಕಾರದಲ್ಲಿ ಎರಡು ಥರದ್ದು ಕೊಡುತ್ತಾರೆ: 380ಎ ಅಂದರೆ 10 ವರ್ಷದ್ದು, 375 ಅಂದರೆ 5 ವರ್ಷದ್ದು. ನಿಮ್ಮದು ಯಾವುದು ಅಂತ ಕೇಳಿ ಬರೆಸಿಕೊಳ್ಳಿ. ನನ್ನದು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲೇ ಇದೆ.

ಮನೆಗೆ ಬಂದ ಮೇಲೆ ಶುರುವಾಯಿತು ನೆಂಟರ ಪುರಾಣ. ವಂಕಿ (ಕಾಪರ್-ಟಿಗೆ ಹಳಬರ ಹೆಸರು) ಹಾಕಿಸಿದೆಯಂತೆ, ಅದು ಎದೆಗೆ ಏರುತ್ತದಂತೆ, ಯಾರೋ ಒಬ್ಬಳ ಮಗುವಿನ ತಲೆಗೇ ಅಂಟಿಕೊಂಡಿತ್ತಂತೆ. ಈ ಹೆದರಿಕೆಗೆ ಹಳೇ ಕಾರಣ ಇದೆ. 1965ರಲ್ಲಿ ಸರ್ಕಾರ ದೇಶದ ತುಂಬಾ ಹಂಚಿದ್ದು ಬರೀ ಪ್ಲಾಸ್ಟಿಕ್ಕಿನ ಲೂಪ್. ಆಗ ಗುರಿ ಮುಟ್ಟುವ ಆತುರದಲ್ಲಿ ಸಾಲಾಗಿ ಹಾಕಿದರು, ಆಮೇಲೆ ರಕ್ತ ಹೋದಾಗ ಕೇಳುವವರು ಇರಲಿಲ್ಲ. ಆ ಅಜ್ಜಿಯರ ಕಥೆ ಇನ್ನೂ ಓಡಾಡುತ್ತಿದೆ. ಗರ್ಭಕೋಶ ತೂತಾಗಿ ಹೊಟ್ಟೆಗೆ ಜಾರುವುದು ಸಾವಿರದಲ್ಲಿ ಒಬ್ಬರಿಗೆ ಅನ್ನುವಷ್ಟು ಅಪರೂಪ, ಅದೂ ಹೆಚ್ಚಾಗಿ ಹಾಕುವ ಹೊತ್ತಿನಲ್ಲೇ ಆಗುವಂಥದ್ದು. ಎದೆಗೆ ಏರುವ ದಾರಿಯಂತೂ ದೇಹದಲ್ಲೇ ಇಲ್ಲ.

ಮೊದಲ ಆರು ತಿಂಗಳು ನಾನು ಇದನ್ನು ಬೈದುಕೊಂಡೇ ಕಳೆದೆ. ತೆಗೆಸಲು ಹೋಗಿದ್ದೂ ಉಂಟು. ಅಲ್ಲಿ ರಕ್ತ ಪರೀಕ್ಷೆ ಮಾಡಿದರು, ಹಿಮೋಗ್ಲೋಬಿನ್ 9.8. ಹೆಂಗಸರಿಗೆ 12 ಇರಬೇಕಾದ್ದು. ಮೆಟ್ಟಿಲು ಹತ್ತುವಾಗ ಏದುಸಿರು, ಸಾಯಂಕಾಲ ತಲೆ ಗಿರ್ ಅನ್ನುವುದು ಯಾಕೆ ಅಂತ ಗೊತ್ತಾಯಿತು. ಡಾಕ್ಟರು ತೆಗೆಯಲು ತಯಾರಿದ್ದರು, ಆದರೆ ಇನ್ನೂ ಸ್ವಲ್ಪ ನೋಡ್ತೀಯಾ ಅಂತ ಕೇಳಿದರು. ಜೋರು ಹೋಗುವ ದಿನಗಳಿಗೆ ಟ್ರಾನೆಕ್ಸಾಮಿಕ್ ಆಸಿಡ್, ನೋವಿಗೆ ಮೆಫೆನಾಮಿಕ್ ಆಸಿಡ್, ದಿನಾ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಇವನ್ನು ಕೇಳದೆ ಮೆಡಿಕಲ್ ಶಾಪಿನಿಂದ ತಂದು ನುಂಗಬೇಡಿ, ಎಲ್ಲರ ಮೈಗೂ ಆಗುವುದಿಲ್ಲ.

ಕಬ್ಬಿಣದ ಮಾತ್ರೆಯಿಂದ ನಮ್ಮನೆಯ ಬೆಳಗ್ಗೆ ಹೊತ್ತೇ ಬದಲಾಯಿತು. ನಾವು ಹಾಸನ ಜಿಲ್ಲೆಯವರು, ಎದ್ದ ಕೂಡಲೇ ಕಾಫಿ. ಆದರೆ ಕಾಫಿ ಜೊತೆ ಕಬ್ಬಿಣ ತಗೊಂಡರೆ ಮೈಗೆ ಹತ್ತುವುದಿಲ್ಲ, ಹಾಲಿನ ಜೊತೆಗೂ ಅಷ್ಟೇ. ಹಾಗಾಗಿ ಈಗ ಎದ್ದ ಕೂಡಲೇ ಅರ್ಧ ನಿಂಬೆಹಣ್ಣು ಹಿಂಡಿದ ನೀರಲ್ಲಿ ಮಾತ್ರೆ. ಒಂದೂವರೆ ಗಂಟೆ ಆದ ಮೇಲೆ ಕಾಫಿ. ಅಷ್ಟರೊಳಗೆ ಡಿಕಾಕ್ಷನ್ ಇಳಿದಿರುತ್ತದೆ, ಮಕ್ಕಳು ವ್ಯಾನ್ ಹತ್ತಿರುತ್ತಾರೆ, ಮನೆ ಸದ್ದಡಗಿರುತ್ತದೆ. ಹಿತ್ತಲ ಕಟ್ಟೆ ಮೇಲೆ ಕೂತು ಬಿಸಿ ಲೋಟವನ್ನು ಸೆರಗಲ್ಲಿ ಹಿಡಿದು ಕುಡಿಯುತ್ತೇನೆ. ಮದುವೆಯಾದ ಮೇಲೆ ಕೂತು ಕಾಫಿ ಕುಡಿಯಲು ಶುರುಮಾಡಿದ್ದೇ ಈಗ! ವಾರದಲ್ಲಿ ಮೂರು ದಿನ ಸೊಪ್ಪಿನ ಸಾರು, ಹುರುಳಿಕಾಳು, ರಾಗಿ ಮುದ್ದೆ ಹೇಗೂ ಇದ್ದೇ ಇದೆ. ಕೆಲವು ತಿಂಗಳಲ್ಲಿ ಹಿಮೋಗ್ಲೋಬಿನ್ 11.6ಕ್ಕೆ ಬಂತು. ಮುಟ್ಟೂ ವರ್ಷ ತುಂಬುವ ಹೊತ್ತಿಗೆ ಐದು ದಿನಕ್ಕೆ ಇಳಿಯಿತು. ಹಳೇ ನಾಲ್ಕಕ್ಕೆ ಬರಲೇ ಇಲ್ಲ, ಬರುವ ಆಸೆಯನ್ನೂ ಬಿಟ್ಟಿದ್ದೇನೆ.

ಅಲ್ಲಿಂದ ಇದರ ಮೇಲಿನ ಕೋಪ ಕಮ್ಮಿಯಾಯಿತು. ಮೊದಲ ಮಗು ಆದ ಮೇಲೆ ನಾನು ಬಸಿರು ತಡೆಯುವ ಮಾತ್ರೆ ನುಂಗುತ್ತಿದ್ದೆ. ರಾತ್ರಿ ಒಂಬತ್ತಕ್ಕೆ ಮೊಬೈಲ್ ಅಲಾರಾಂ. ಮದುವೆ ಮನೆಯಲ್ಲಿ, ತವರಲ್ಲಿ, ಊಟ ಬಡಿಸುವಾಗ ಅದು ಕೂಗುತ್ತಿತ್ತು. ತಿಂಗಳ ಕೊನೆಗೆ ಎರಡು ದಿನ ತಡವಾದರೆ ಕ್ಯಾಲೆಂಡರ್ ಮುಂದೆ ನಿಂತು ಬೆರಳು ಮಡಚುವುದು. ಈಗ ಅದೆಲ್ಲ ಇಲ್ಲ. ಮೊಲೆಹಾಲಿಗೆ ತೊಂದರೆ ಇಲ್ಲ, ತೂಕ ಏರಲಿಲ್ಲ. ಇನ್ನೊಂದು ಮಾತು, ಹೇಳಲು ಸ್ವಲ್ಪ ನಾಚಿಕೆ. ಹೆದರಿಕೆ ಇಲ್ಲದೆ ಗಂಡನ ಪಕ್ಕ ಮಲಗುವುದು ಹೇಗಿರುತ್ತದೆ ಅಂತ ನನಗೆ ಗೊತ್ತಾಗಿದ್ದು ಎರಡು ಮಕ್ಕಳಾದ ಮೇಲೆ. ಇದನ್ನು ಯಾವ ಕಾರ್ಡಿನಲ್ಲೂ ಬರೆದಿರುವುದಿಲ್ಲ, ಅಲ್ವಾ?

ದಾರದ ವಿಷಯಕ್ಕೆ ಬರೋಣ. ಗರ್ಭಕೋಶದ ಬಾಯಿಂದ ಮೂರು ಸೆಂಟಿಮೀಟರಿನಷ್ಟು ಎರಡು ಎಳೆ ಹೊರಗೆ ಬಿಟ್ಟಿರುತ್ತಾರೆ. ಮುಟ್ಟು ಮುಗಿದು ತಲೆಗೆ ನೀರು ಹಾಕಿಕೊಳ್ಳುವ ದಿನ, ಕೈಗೆ ಸೋಪು ಹಾಕಿ ತೊಳೆದು, ಕುಕ್ಕರಗಾಲಲ್ಲಿ ಕೂತು ಬೆರಳು ತಾಗಿಸಿ ನೋಡುತ್ತೇನೆ. ಗಾಳದ ದಾರದ ತುದಿ ತಾಗಿದ ಹಾಗೆ ಅನ್ನಿಸುತ್ತದೆ, ಅಷ್ಟು ಸಾಕು. ಎಳೆಯಬಾರದು. ದಾರ ಸಿಗಲಿಲ್ಲ, ಅಥವಾ ಗಟ್ಟಿ ಪ್ಲಾಸ್ಟಿಕ್ ತಾಗಿತು ಅಂದರೆ ಡಾಕ್ಟರು ನೋಡುವವರೆಗೆ ನಿರೋಧ್ ಬಳಸಿ. ಜಾರಿ ಬೀಳುವುದಿದ್ದರೆ ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ, ಮುಟ್ಟಿನ ಹೊತ್ತಲ್ಲೇ ಬೀಳುತ್ತದೆ. ಮುಟ್ಟು ತಪ್ಪಿದರೆ, ಜ್ವರದ ಜೊತೆ ಕಿಬ್ಬೊಟ್ಟೆ ನೋವು ಬಂದರೆ, ವಾಸನೆಯ ಬಿಳಿ ಹೋದರೆ ಕಾಯಬೇಡಿ. ನಮ್ಮನೆಯವರು ಶುರುವಿನಲ್ಲಿ ದಾರ ಚುಚ್ಚುತ್ತದೆ ಅಂತ ಗೊಣಗಿದರು. ದನಕ್ಕೆ ನೀರು ತೋರಿಸಲು ಎದ್ದು ಹೋದವರು ಇಷ್ಟಾದರೂ ಸಹಿಸಲಿ ಅಂತ ನಾನು ಸುಮ್ನಿದ್ದೆ. ದಿನ ಕಳೆದ ಹಾಗೆ ದಾರ ಮೆತ್ತಗಾಗಿ ಒಳಗೇ ಮಡಚಿಕೊಂಡಿತು.

ಪ್ಯಾಡಿನ ಖರ್ಚು ಉಳಿಸಲು ಮುಟ್ಟಿನ ಕಪ್ ಬಗ್ಗೆಯೂ ವಿಚಾರಿಸಿದೆ. ಬಳಸಬಹುದು, ಆದರೆ ತೆಗೆಯುವಾಗ ಬುಡ ಅದುಮಿ ಗಾಳಿ ಬಿಡಿಸಿಯೇ ತೆಗೆಯಬೇಕು, ಇಲ್ಲದಿದ್ದರೆ ಕಪ್ಪಿನ ಎಳೆತಕ್ಕೆ ಕಾಪರ್-ಟಿ ಜಾರಬಹುದು ಅಂದರು. ಆಫೀಸಿನ ಇಕ್ಕಟ್ಟು ಬಚ್ಚಲಲ್ಲಿ, ಡ್ರಾಯರಿನ ಬೀಗದ ಕೈ ಸೊಂಟದಲ್ಲಿಟ್ಟುಕೊಂಡು, ಅಷ್ಟು ನಾಜೂಕು ನನ್ನಿಂದ ಆಗದು. ಮನೆಯಲ್ಲಿ ಒಗೆದು ಬಳಸುವ ಬಟ್ಟೆ ಪ್ಯಾಡು, ಆಫೀಸಿಗೆ ಅಂಗಡಿಯದು. ಹೀಗೆ ಒಂದು ಹದಕ್ಕೆ ಬಂದಿದೆ.

ಬೆಂಗಳೂರಿನಲ್ಲಿರುವ ಗೆಳತಿ ಹಾಕಿಸಿಕೊಂಡಿದ್ದು ಮಿರೇನಾ, ಹಾರ್ಮೋನು ಇರುವಂಥದ್ದು. ಅವಳಿಗೆ ಮುಟ್ಟು ಹೆಚ್ಚುಕಮ್ಮಿ ನಿಂತೇಹೋಗಿದೆ. ಮೊದಲ ತಿಂಗಳುಗಳಲ್ಲಿ ದಿನಾ ಹನಿ ಹನಿ ಕಾಣಿಸಿ ರೇಗಿತ್ತಂತೆ, ಆಮೇಲೆ ಆರಾಮ. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಅಂದರೆ ಸುಳ್ಳು. ಅದಕ್ಕೆ ಹಲವು ಸಾವಿರ ಬೇಕು. ದುಡ್ಡಿದ್ದು, ಮುಟ್ಟು ಮೊದಲೇ ಜೋರಿರುವವರು ಅದನ್ನೇ ಕೇಳಿ ನೋಡಿ. ನನ್ನ ಬಜೆಟ್ಟಿಗೆ, ನನ್ನ ಮರೆವಿಗೆ ತಾಮ್ರದ್ದೇ ಸರಿ. ಐದಕ್ಕೆ ಮೂರೂವರೆ ನಕ್ಷತ್ರ. ಹಾಕುವ ಮೊದಲು ಹಿಮೋಗ್ಲೋಬಿನ್ ನೋಡಿ, ಸ್ರಾವದ ವಿಷಯ ಬಿಡಿಸಿ ಹೇಳಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.

ಹೋದ ಯುಗಾದಿಗೆ ಬಂದ ನಾದಿನಿ ತಾನೂ ಹಾಕಿಸಲಾ ಅಂತ ಕೇಳಿದಳು. ಅವಳಿಗೆ ಮದುವೆಗೆ ಮುಂಚಿನಿಂದಲೂ ಮುಟ್ಟು ವಾರಗಟ್ಟಲೆ, ಮುಖದಲ್ಲಿ ರಕ್ತವೇ ಇಲ್ಲ. ಬೇಡ ಅಂದೆ, ಮೊದಲು ರಕ್ತ ಪರೀಕ್ಷೆ ಮಾಡಿಸು ಅಂದೆ. ಅವಳಿಗೆ ಡಾಕ್ಟರು ಕೊಟ್ಟಿದ್ದು ಛಾಯಾ ಅನ್ನುವ, ಬಸಿರು ತಡೆಯುವ ಮಾತ್ರೆ. ಅದರಲ್ಲೂ ಹಾರ್ಮೋನು ಇಲ್ಲ, ಸರ್ಕಾರದಲ್ಲಿ ಅದೂ ಬಿಟ್ಟಿ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಭಾನುವಾರದ ಮಾತ್ರೆ ನೆನಪಿಸುವ ಕೆಲಸ ನನ್ನದು, ಆದ್ದರಿಂದ ಅಲಾರಾಂ ಮತ್ತೆ ನನ್ನ ಮೊಬೈಲಿಗೇ ಬಂದಿದೆ.