ಹಣ್ಣಿನ ಹುಳಿ ಬಿಯರೋ, ಐಪಿಎನೋ?
ಬೀದರದಿಂದ ಹೈದರಾಬಾದಿಗೆ ಹೊಂಟೀನಿ, ಹಣ್ಣಿನ ಸವರ್ (ಹುಳಿ ಬಿಯರ್) ಕುಡಿಲೋ ಐಪಿಎ (ಇಂಡಿಯಾ ಪೇಲ್ ಏಲ್ ಅನ್ನೋ ಕಹಿ ಬಿಯರ್) ಕುಡಿಲೋ ಅಂತ ಕೇಳಿದ್ಯಲ್ಲ ತಮ್ಮಾ. ಸವರ್‌ಗೆ ಹುಳಿ ಬರೋದು ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಬ್ಯಾಕ್ಟೀರಿಯಾದಿಂದ, ಮೊಸರು ಹುಳಿ ಮಾಡೋ ಬಳಗದ್ದೇ ಅದು, ಅದರಾಗ ಮಾವು ಗೀವು ಹಾಕಿ ಮ್ಯಾಲ ಸಿಟ್ರಾ ಜಾತಿ ಹಾಪ್ಸ್ (ಬಿಯರ್‌ಗೆ ಕಹಿ, ವಾಸನಿ ಕೊಡೋ ಹೂವು) ಕುದಸಲಾರದ ಹಂಗೇ ಹಾಕಿದ್ರ ಕಹಿ ಕಮ್ಮಿ, ವಾಸನಿ ಮಾತ್ರ ಘಮ್ ಅಂತದ, ಮೊದಲ ಗುಟುಕಿಗೆ ಹುಣಚಿಕಾಯಿ ಕಡದಂಗ ಕಣ್ಣು ಮುಚ್ಚತಾವ, ಆಮ್ಯಾಲ ಬಿಡಂಗಿಲ್ಲ. ಐಪಿಎ ಹಾಗಲಕಾಯಿ ಇಷ್ಟಪಡೋರಿಗೆ.

ನಶಾ ನೋಡಿದ್ರ ಸವರ್ ಸಾಮಾನ್ಯ 4-5 ಪರ್ಸೆಂಟ್, ಐಪಿಎ 6-7, ಹಂಗಾಗಿ ಮೇ ಬಿಸಲಾಗ ಸವರೇ ಹಗುರ. ಖಾರದ ಮಟನ್ ಜೋಡಿ ಐಪಿಎ ಕುಡದ್ರ ಖಾರ ಇನ್ನಷ್ಟು ಏರ್ತದ, ಸವರ್ ಬಾಯಿ ತೊಳದಂಗ ಮಾಡ್ತದ. ಆದ್ರ ನಿಂಗ ಎದಿ ಉರಿ ಇದ್ರ ಸವರ್ ಬ್ಯಾಡಪಾ. ಕ್ಯಾನ್ ತಂದು ತಿಂಗಳಗಟ್ಲೆ ಇಡಬ್ಯಾಡ, ಎರಡರದೂ ಹಾಪ್ಸ್ ವಾಸನಿ ಹಾರಿ ಹೋಗ್ತದ. ಗಾಡಿ ನೀನೇ ಹೊಡಿಯೋದಿದ್ರ ಎರಡೂ ಬ್ಯಾಡ.